ಬ್ಲೂಬರ್ಡ್ ಕೆ7: ಒಂದು ರೇಸ್ ದೋಣಿ, ಹಲವು ಹಕ್ಕುದಾರರು

ಪೀಳಮೇಡು: ಬೋರ್‌ವೆಲ್ ಮೋಟರು ಸುಟ್ಟುಹೋದರೆ ನಮ್ಮ ತಾಳವಾಡಿ, ಸತ್ಯಮಂಗಲ ಕಡೆಯವರಿಗೆ ಕೊಯಮತ್ತೂರಿನ ನೆನಪಾಗುತ್ತದೆ. ಮೋಟರು ಬಿಚ್ಚಿ, ರಿವೈಂಡಿಂಗ್ ಅಂಗಡಿಗೆ ಕೊಟ್ಟು, ಎರಡು ದಿನ ಬಿಟ್ಟು ತರುತ್ತೇವೆ. ತಂತಿ ಹೊಸದು, ಬೇರಿಂಗ್ ಹೊಸದು, ಕೆಲವೊಮ್ಮೆ ಶಾಫ್ಟ್ ಕೂಡ ಹೊಸದು. ಹಳೆಯದಾಗಿ ಉಳಿಯುವುದು ಎರಕದ ಬಾಡಿ ಮತ್ತು ಅದರ ಮೇಲಿನ ಕಂಪೆನಿ ಪ್ಲೇಟು ಮಾತ್ರ. ಆದರೂ ಮೋಟರು ಯಾರದು ಎಂದು ಯಾರೂ ಕೇಳುವುದಿಲ್ಲ. ಬಿಲ್ ಕಟ್ಟಿದ್ದೇವೆ, ಮೋಟರು ನಮ್ಮದು, ಅಷ್ಟೇ.

ಒಂದು ವೇಳೆ ಮೆಕ್ಯಾನಿಕ್ ಬಿಲ್ಲನ್ನೇ ಕೊಡದಿದ್ದರೆ? ಕೂಲಿ ಬೇಡ ಎಂದು ಹತ್ತಾರು ವರ್ಷ ಅದೇ ಮೋಟರಿಗೆ ದುಡಿದು, ಪುಡಿಯಾಗಿದ್ದುದನ್ನು ಓಡುವಂತೆ ಮಾಡಿ, ಕೊನೆಗೆ 'ಇದರಲ್ಲಿ ನನ್ನದೂ ಪಾಲಿದೆ' ಎಂದರೆ?

ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿ ಇದೇ ಪ್ರಶ್ನೆ ವರ್ಷಗಟ್ಟಲೆ ಎಳೆದಾಡಿ 2024ರಲ್ಲಿ ಮುಗಿಯಿತು. ಅಲ್ಲಿ ವಿವಾದಕ್ಕೆ ಸಿಕ್ಕಿದ್ದು ಪಂಪ್‌ಸೆಟ್ ಅಲ್ಲ, ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ವೇಗವಾಗಿ ಓಡಿದ್ದ ಬ್ಲೂಬರ್ಡ್ ಕೆ7 ಎಂಬ ರೇಸ್ ದೋಣಿ. ಅದಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. ಅದರ ಹೊಟ್ಟೆಯಲ್ಲಿ ಕೊನೆಗೆ ಇದ್ದ ಎಂಜಿನ್ನಿನ ಒಡಹುಟ್ಟುಗಳು ತಯಾರಾದದ್ದು ಬೆಂಗಳೂರಿನಲ್ಲಿ. ಆ ದೋಣಿಯ ಪೂರ್ತಿ ಕಥೆ ಇಲ್ಲಿದೆ.

ಕೆರೆಯ ಮೇಲೆ ಹಂಚಿನ ಚೂರು

ಮೊದಲು ಹೈಡ್ರೋಪ್ಲೇನ್ ಎಂದರೇನು ಎಂದು ತಿಳಿಯೋಣ. ಮಾಮೂಲಿ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದದ್ದು. ಆದ್ದರಿಂದ ವೇಗ ಹೆಚ್ಚಿದಂತೆ ನೀರು ತಡೆಯುವ ಬಲವೂ ವಿಪರೀತ ಏರುತ್ತದೆ. ದೊಡ್ಡ ಎಂಜಿನ್ ಹಾಕಿದರೂ ಒಂದು ಹಂತದ ಆಚೆ ಪ್ರಯೋಜನವಿಲ್ಲ.

ಇದಕ್ಕೆ ಉಪಾಯ ನೀರನ್ನು ಸೀಳದೆ ಅದರ ಮೇಲೆ ಜಾರುವುದು. ಚಿಕ್ಕಂದಿನಲ್ಲಿ ನಾವೆಲ್ಲ ಕೆರೆ ಏರಿಯ ಮೇಲೆ ನಿಂತು ಚಪ್ಪಟೆ ಹಂಚಿನ ಚೂರನ್ನು ಓರೆಯಾಗಿ ಎಸೆದವರೇ. ವೇಗ ಇರುವವರೆಗೆ ಅದು ಪುಟಿಯುತ್ತಾ ಹೋಗುತ್ತದೆ, ವೇಗ ತಗ್ಗಿದ ಕೂಡಲೇ ಮುಳುಗುತ್ತದೆ. ಹೈಡ್ರೋಪ್ಲೇನ್ ದೋಣಿಯ ತತ್ವವೂ ಅದೇ. ಬ್ಲೂಬರ್ಡ್ ಕೆ7ಕ್ಕೆ ಮುಂದೆ ಎಡಬಲಗಳಲ್ಲಿ ಎರಡು ತೇಲುಪಾದಗಳು, ಹಿಂದೆ ದೋಣಿಯದೇ ಬುಡ. ಪೂರ್ಣ ವೇಗದಲ್ಲಿ ಈ ಮೂರು ಕಡೆ ಅಂಗೈಯಷ್ಟು ಜಾಗ ಮಾತ್ರ ನೀರಿಗೆ ತಾಗುತ್ತದೆ. ಮಿಕ್ಕದ್ದೆಲ್ಲ ಗಾಳಿಯಲ್ಲಿ.

ಅಪಾಯ ಇರುವುದೂ ಅಲ್ಲೇ. ಮೂತಿ ಸ್ವಲ್ಪ ಮೇಲೆದ್ದರೆ ಸಾಕು, ಅಡಿಗೆ ನುಗ್ಗಿದ ಗಾಳಿ ಇಡೀ ದೋಣಿಯನ್ನು ಎತ್ತಿಬಿಡುತ್ತದೆ. ವಿಮಾನಕ್ಕೆ ಏಳುವುದೇ ಕೆಲಸ. ದೋಣಿಗೆ ಅದು ಮರಣ.

ದಾಖಲೆಯ ನಿಯಮವನ್ನೂ ಇಲ್ಲೇ ಹೇಳಿಬಿಡುವುದು ಮೇಲು. ಅಳೆದು ಗುರುತು ಮಾಡಿದ ದೂರವನ್ನು ಒಂದು ಸಲ ಹೋಗಬೇಕು, ಒಂದು ಗಂಟೆಯೊಳಗೆ ಎದುರು ದಿಕ್ಕಿನಿಂದ ವಾಪಸ್ ಬರಬೇಕು. ಎರಡರ ಸರಾಸರಿಯೇ ದಾಖಲೆ. ಗಾಳಿಯ ಬಲದಿಂದ ಯಾರೂ ಲಾಭ ಪಡೆಯಬಾರದೆಂದು ಈ ಏರ್ಪಾಟು. ಕೆ7ರ ಪ್ರಾಣ ಹೋದದ್ದು ಇಂಥ ವಾಪಸ್ ಓಟದಲ್ಲೇ.

ಅಪ್ಪನ ದೋಣಿ, ಮಗನ ಖರೀದಿ

ಕಥೆ ಶುರುವಾಗುವುದು ಸರ್ ಮಾಲ್ಕಮ್ ಕ್ಯಾಂಪ್‌ಬೆಲ್ ಅವರಿಂದ. ಕಾರಿನ ವೇಗದಲ್ಲಿ ಹಲವು ದಾಖಲೆ ಮಾಡಿ ಮುಗಿಸಿದ ಮೇಲೆ ಅವರು ನೀರಿಗಿಳಿದರು. 1937ರ ಸೆಪ್ಟೆಂಬರಿನಲ್ಲಿ ಮಾಜೋರೆ ಸರೋವರದಲ್ಲಿ ಬ್ಲೂ ಬರ್ಡ್ ಕೆ3 ದೋಣಿಯಿಂದ ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್ ದಾಟಿದರು. ಸ್ವಾರಸ್ಯವೆಂದರೆ ಇದೇ 1937ರಲ್ಲಿ ಪೀಳಮೇಡಿನಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ಸೇರಿ ಸ್ವದೇಶಿ ವಿದ್ಯುತ್ ಮೋಟರು ತಯಾರಿಸಿದ್ದು. ಅಲ್ಲಿ ಒಬ್ಬ ಶ್ರೀಮಂತ ನೀರಿನ ಮೇಲೆ ಓಡಲು ಎಂಜಿನ್ ಹುಡುಕುತ್ತಿದ್ದ, ಇಲ್ಲಿ ಇಬ್ಬರು ಬಾವಿಯಿಂದ ನೀರೆತ್ತುವ ಕಾಲಕ್ಕೆ ದಾರಿ ಮಾಡುತ್ತಿದ್ದರು. ಯಾರದು ದೊಡ್ಡ ಕೆಲಸ ಎಂಬುದನ್ನು ಓದುಗರಿಗೇ ಬಿಡುತ್ತೇನೆ.

ಕೆ3 ಮರು ವರ್ಷ ಸ್ವಿಟ್ಜರ್ಲೆಂಡಿನ ಹಾಲ್‌ವಿಲ್ ಸರೋವರದಲ್ಲಿ ತನ್ನ ದಾಖಲೆಯನ್ನು ತಾನೇ ಸುಧಾರಿಸಿತು. ನಂತರ ಬಂದದ್ದು ಕೆ4. 1939ರ ಆಗಸ್ಟ್ 19ರಂದು ಇಂಗ್ಲೆಂಡಿನ ಕೋನಿಸ್ಟನ್ ಸರೋವರದಲ್ಲಿ ಅದು 141.74 ಮೈಲಿ, ಅಂದರೆ 228 ಕಿಲೋಮೀಟರ್ ವೇಗ ಮುಟ್ಟಿತು. ಎರಡು ವಾರದಲ್ಲಿ ಮಹಾಯುದ್ಧ ಶುರುವಾಗಿ ದೋಣಿ ಮೂಲೆ ಸೇರಿತು.

ಅಂದಹಾಗೆ, ಹೆಸರಿನಲ್ಲಿರುವ 'ಕೆ' ಎಂದರೆ ಎಂಜಿನ್ ಗಾತ್ರಕ್ಕೆ ಮಿತಿಯಿಲ್ಲದ ದೋಣಿಗಳ ವರ್ಗ. ಮುಂದಿನ ಅಂಕಿ ನೋಂದಣಿಯ ಕ್ರಮಸಂಖ್ಯೆ. ನಮ್ಮ ಗಾಡಿಗಳ ನಂಬರ್ ಪ್ಲೇಟಿನ ಹಾಗೆ.

1948ರ ಡಿಸೆಂಬರ್ 31ರಂದು ಮಾಲ್ಕಮ್ ತೀರಿಕೊಂಡರು. ಅವರ ಒಬ್ಬನೇ ಮಗ ಡೊನಾಲ್ಡ್. ದೋಣಿ ತಾನಾಗಿ ಮಗನಿಗೆ ಬಂತೆಂದು ನಾವು ಭಾವಿಸುತ್ತೇವೆ. ಹಾಗಾಗಲಿಲ್ಲ. ಆಸ್ತಿ ವಿಲೇವಾರಿಯಲ್ಲಿ ವಾಹನಗಳು ಮಾರಾಟಕ್ಕೆ ಬಂದವು. ಅಪ್ಪನ ದೋಣಿಯನ್ನು ಮಗ ದುಡ್ಡು ಕೊಟ್ಟು ಕೊಳ್ಳಬೇಕಾಯಿತು. ಅಮೆರಿಕದವರು ದಾಖಲೆ ಮುರಿಯಲು ಬರುತ್ತಿದ್ದಾರೆಂಬ ಸುದ್ದಿಯೇ ಅವರನ್ನು ಇದಕ್ಕೆ ಹಚ್ಚಿದ್ದು.

ದೋಣಿಯ ಜೊತೆಗೆ ಡೊನಾಲ್ಡ್‌ಗೆ ದುಡ್ಡಿಲ್ಲದೆ ಸಿಕ್ಕಿದ್ದು ಒಬ್ಬ ಮನುಷ್ಯ, ಲಿಯೋ ವಿಲ್ಲಾ. 1922ರಿಂದ ಮಾಲ್ಕಮ್ ಅವರ ಮೆಕ್ಯಾನಿಕ್ ಆಗಿದ್ದವರು, ಮಗನ ಬಳಿಯೂ ಕೊನೆಯ ದಿನದವರೆಗೆ ಉಳಿದರು. ಎರಡು ತಲೆಮಾರಿನ ಬ್ಲೂಬರ್ಡ್‌ಗಳ ಒಂದೊಂದು ನಟ್ಟು ಬೋಲ್ಟೂ ಅವರಿಗೆ ಗೊತ್ತಿತ್ತು. ಯಾವುದೂ ಅವರ ಹೆಸರಿನಲ್ಲಿರಲಿಲ್ಲ.

1951ರಲ್ಲಿ ಕೋನಿಸ್ಟನ್ನಿನಲ್ಲಿ ಗಂಟೆಗೆ ಸುಮಾರು 170 ಮೈಲಿ ವೇಗದಲ್ಲಿದ್ದಾಗ ಕೆ4 ಒಡೆದು ಮುಳುಗಿತು. ಮತ್ತೆ ರಿಪೇರಿಗೆ ಬರುವಂತಿರಲಿಲ್ಲ. ಮರು ವರ್ಷ, 1952ರ ಸೆಪ್ಟೆಂಬರ್ 29ರಂದು, ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ ಜಾನ್ ಕಾಬ್ ಎಂಬ ಇನ್ನೊಬ್ಬ ವೇಗಗಾರ ಜೆಟ್ ದೋಣಿಯೊಂದಿಗೇ ಪ್ರಾಣ ಬಿಟ್ಟರು. ಮರದ ದೋಣಿ, ಪ್ರೊಪೆಲ್ಲರ್‌ಗಳ ಕಾಲ ಮುಗಿದಿತ್ತು. ಜೆಟ್‌ಗೆ ತಕ್ಕ ಗಟ್ಟಿ ಶರೀರ ಬೇಕಾಗಿತ್ತು.

ಏಳು ದಾಖಲೆಗಳ ದೋಣಿ

ಆ ಶರೀರವೇ ಕೆ7. ವಿನ್ಯಾಸ ಮಾಡಿದವರು ಕೆನ್ ಮತ್ತು ಲೂ ನಾರಿಸ್ ಎಂಬ ಸೋದರರು. ಲ್ಯಾಂಕಶೈರಿನ ಸಾಮ್ಲ್ಸ್‌ಬರಿ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ 1954ರ ಹೊತ್ತಿಗೆ ತಯಾರಾಯಿತು. ಪೂರ್ತಿ ಲೋಹದ ದೋಣಿ, ಉದ್ದ ಸುಮಾರು 8 ಮೀಟರ್, ತೂಕ ಎರಡೂವರೆ ಟನ್. ಬೆನ್ನಿನಲ್ಲಿ ಮೆಟ್ರೋಪಾಲಿಟನ್ ವಿಕರ್ಸ್ ಕಂಪೆನಿಯ ಬೆರಿಲ್ ಜೆಟ್ ಎಂಜಿನ್. ಪ್ರೊಪೆಲ್ಲರ್ ಇಲ್ಲ, ಬಿಸಿಗಾಳಿ ಹಿಂದಕ್ಕೆ ಚಿಮ್ಮಿದ ರಭಸಕ್ಕೆ ದೋಣಿ ಮುಂದಕ್ಕೆ ಹೋಗಬೇಕು.

1955ರ ಜುಲೈ 23ರಂದು ಅಲ್ಸ್‌ವಾಟರ್ ಸರೋವರದಲ್ಲಿ ಕೆ7 ಗಂಟೆಗೆ 202.32 ಮೈಲಿ, ಅಂದರೆ 325 ಕಿಲೋಮೀಟರ್ ವೇಗ ಸಾಧಿಸಿತು. ನೀರಿನ ಮೇಲೆ 200 ಮೈಲಿ ದಾಟಿ ದಾಖಲೆ ಮಾಡಿದ ಮೊದಲ ದೋಣಿ ಅದು. ಅದೇ ವರ್ಷ ಅಮೆರಿಕದ ಮೀಡ್ ಸರೋವರಕ್ಕೆ ಹೋದಾಗ ನೋಡಲು ಬಂದ ಪ್ರೇಕ್ಷಕರ ದೋಣಿಗಳ ಅಲೆ ನುಗ್ಗಿ ಕೆ7 ಮುಳುಗಿಯೇ ಹೋಯಿತು. ಎತ್ತಿ, ಒಣಗಿಸಿ, ಎಂಜಿನ್ ಶುಚಿ ಮಾಡಿ, ನವೆಂಬರ್ 16ರಂದು 216 ಮೈಲಿಯ ಹೊಸ ದಾಖಲೆ ಮಾಡಿದರು.

ಆಮೇಲೆ ನಾಲ್ಕು ವರ್ಷ ಕೋನಿಸ್ಟನ್ನಿನಲ್ಲೇ ಸಾಲಾಗಿ ದಾಖಲೆ: 1956ರಲ್ಲಿ 225, 1957ರಲ್ಲಿ 239, 1958ರಲ್ಲಿ 248, 1959ರಲ್ಲಿ 260 ಮೈಲಿ. ವರ್ಷಕ್ಕೊಂದು ಮೆಟ್ಟಿಲಂತೆ ಏರಿದ್ದಕ್ಕೆ ಕಾರಣ ಇದೆ. ರಜಾ ಶಿಬಿರಗಳ ಉದ್ಯಮಿ ಬಿಲ್ಲಿ ಬಟ್ಲಿನ್ ಅವರು ನೀರಿನ ದಾಖಲೆ ಮುರಿದ ಬ್ರಿಟಿಷ್ ಪ್ರಜೆಗೆ ವರ್ಷಕ್ಕೆ 5,000 ಪೌಂಡ್ ಬಹುಮಾನ ಇಟ್ಟಿದ್ದರು. ಒಂದೇ ಸಲ ಪೂರ್ತಿ ವೇಗ ತೋರಿಸಿಬಿಟ್ಟರೆ ಮುಂದಿನ ವರ್ಷದ ಊಟಕ್ಕೇನು? ಇದನ್ನು ಜಾಣತನ ಎನ್ನಬಹುದು. ಈ ಹವ್ಯಾಸಕ್ಕೆ ಬೇಕಾದ ಖರ್ಚು ನೋಡಿದರೆ ಅನಿವಾರ್ಯತೆ ಎನ್ನುವುದೇ ಸರಿ.

ಏಳನೆಯ ದಾಖಲೆ ಆಸ್ಟ್ರೇಲಿಯಾದಲ್ಲಿ. 1964ರ ಜುಲೈ 17ರಂದು ಡೊನಾಲ್ಡ್ ಅಲ್ಲಿನ ಐರ್ ಉಪ್ಪು ಸರೋವರದ ಒಣ ನೆಲದ ಮೇಲೆ ಕಾರಿನಲ್ಲಿ 403 ಮೈಲಿಯ ನೆಲದ ದಾಖಲೆ ಮಾಡಿದ್ದರು. ಅದೇ ವರ್ಷ ನೀರಿನದೂ ಆಗಬೇಕೆಂದು ಹಟ. ಡಿಸೆಂಬರ್ 31ರಂದು, ವರ್ಷ ಮುಗಿಯಲು ಕೆಲವೇ ಗಂಟೆ ಉಳಿದಿರುವಾಗ, ಪಶ್ಚಿಮ ಆಸ್ಟ್ರೇಲಿಯಾದ ಡಂಬಲ್‌ಯಂಗ್ ಸರೋವರದಲ್ಲಿ ಕೆ7 276.33 ಮೈಲಿ, ಅಂದರೆ 444 ಕಿಲೋಮೀಟರ್ ಮುಟ್ಟಿತು. ಒಂದೇ ವರ್ಷದಲ್ಲಿ ನೆಲ, ನೀರು ಎರಡರ ದಾಖಲೆಯನ್ನೂ ಮಾಡಿದವರು ಅವರೊಬ್ಬರೇ.

ನ್ಯಾಟ್ ವಿಮಾನದ ಎಂಜಿನ್

ಇನ್ನು ನಮ್ಮ ನಂಟು. 1966ರ ಹೊತ್ತಿಗೆ ಕೆ7ಗೆ ಹನ್ನೆರಡು ವರ್ಷ ವಯಸ್ಸು. ರಾಕೆಟ್ ಕಾರು ಕಟ್ಟುವ ಯೋಜನೆಗೆ ಜನರ ಗಮನ ಮತ್ತು ಹಣ ಬೇಕಾಗಿತ್ತು. ಹಳೆಯ ದೋಣಿಯಲ್ಲೇ 300 ಮೈಲಿ ದಾಟಿ ತೋರಿಸೋಣವೆಂದು ಡೊನಾಲ್ಡ್ ನಿರ್ಧರಿಸಿದರು. ಬೆರಿಲ್ ಎಂಜಿನ್ ತೆಗೆದು, ಫೋಲೆಂಡ್ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದಲ್ಲಿದ್ದ ಬ್ರಿಸ್ಟಲ್ ಸಿಡ್ಲಿ ಆರ್ಫಿಯಸ್ ಎಂಜಿನ್ ಕೂರಿಸಿದರು. ಅದು ಹಳೆಯದಕ್ಕಿಂತ ಹಗುರ, ತಳ್ಳುವ ಬಲ ಮಾತ್ರ ಹೆಚ್ಚು. ದೋಣಿಯ ಹಿಂಬದಿಗೆ ನ್ಯಾಟ್‌ನದೇ ಬಾಲದ ರೆಕ್ಕೆ ಬಂತು.

ನ್ಯಾಟ್ ಎಂದ ಕೂಡಲೇ ಹಿರಿಯ ಓದುಗರಿಗೆ 1965 ಮತ್ತು 1971ರ ಯುದ್ಧಗಳು ನೆನಪಾಗುತ್ತವೆ. ಈ ವಿಮಾನ ಕಟ್ಟಲು 1956ರಲ್ಲಿ ಭಾರತ ಪರವಾನಗಿ ಪಡೆಯಿತು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ನ್ಯಾಟ್ ಸಿದ್ಧವಾಗುತ್ತಿತ್ತು, ಆರ್ಫಿಯಸ್ ತಯಾರಿಸಲೆಂದೇ ಅಲ್ಲಿ ಪ್ರತ್ಯೇಕ ಎಂಜಿನ್ ವಿಭಾಗ ಹುಟ್ಟಿತು. 1961ರ ಜೂನ್ 17ರಂದು ಮೊದಲು ಹಾರಿದ ನಮ್ಮದೇ ಮಾರುತ್ ಯುದ್ಧವಿಮಾನಕ್ಕೆ ಎರಡೆರಡು ಆರ್ಫಿಯಸ್. ಬೀದರಿನ ಆಕಾಶದಲ್ಲಿ ಕೆಂಪು ಬಿಳಿ ಬಣ್ಣದ ಸೂರ್ಯಕಿರಣ ತಂಡ 2011ರ ವರೆಗೆ ಹಾರಿಸುತ್ತಿದ್ದ ಕಿರಣ್ ಮಾರ್ಕ್ 2 ವಿಮಾನಗಳಿಗೂ ಅದೇ ಎಂಜಿನ್.

ಇನ್ನೂ ಹತ್ತಿರ ಬರಬೇಕೆಂದರೆ ಪೀಳಮೇಡಿನಿಂದ ಪೂರ್ವಕ್ಕಿರುವ ಸೂಲೂರು ವಾಯುನೆಲೆ. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ನ್ಯಾಟ್ ಹಾರಿಸುತ್ತಾ ಹುತಾತ್ಮರಾಗಿ ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರದು 18ನೇ ಸ್ಕ್ವಾಡ್ರನ್. ಅದೇ ಸ್ಕ್ವಾಡ್ರನ್ 2020ರ ಮೇ ತಿಂಗಳಲ್ಲಿ ತೇಜಸ್ ವಿಮಾನಗಳೊಂದಿಗೆ ಸೂಲೂರಿನಲ್ಲಿ ಮತ್ತೆ ಕಣ್ತೆರೆಯಿತು.

1967ರ ಜನವರಿ 4

ಎಂಜಿನ್ ಬದಲಾದರೂ ದೋಣಿಯ ಮೈ ಹಳೆಯದೇ. 1966ರ ಚಳಿಗಾಲವೆಲ್ಲ ಕೋನಿಸ್ಟನ್ನಿನಲ್ಲಿ ಮಳೆ, ಗಾಳಿ, ಸಣ್ಣಪುಟ್ಟ ಕೆಡುಕುಗಳಲ್ಲೇ ಕಳೆಯಿತು. ಪತ್ರಕರ್ತರು ಕಾದು ಬೇಸತ್ತು ವ್ಯಂಗ್ಯ ಬರೆಯತೊಡಗಿದ್ದರು.

ಜನವರಿ 4ರ ಬೆಳಿಗ್ಗೆ ಸರೋವರ ಕನ್ನಡಿಯಂತಿತ್ತು. ಮೊದಲ ಓಟದ ಸರಾಸರಿ 297.6 ಮೈಲಿ. ವಾಪಸ್ ಓಟದಲ್ಲಿ ಸ್ವಲ್ಪ ಜಾಸ್ತಿ ಸಿಕ್ಕಿದರೆ 300 ಮೈಲಿ ಕೈಗೆ ಬಂದಂತೆ. ಸಾಮಾನ್ಯವಾಗಿ ಮೊದಲ ಓಟ ಮುಗಿದ ಮೇಲೆ ಇಂಧನ ತುಂಬಿಕೊಂಡು, ತಾನೇ ಎಬ್ಬಿಸಿದ ಅಲೆ ಅಡಗುವವರೆಗೆ ಕಾಯುವುದು ವಾಡಿಕೆ. ಡೊನಾಲ್ಡ್ ಕಾಯಲಿಲ್ಲ. ತಕ್ಷಣ ತಿರುಗಿಸಿದರು. ವೇಗ ಒಂದು ಕ್ಷಣ 328 ಮೈಲಿ, ಅಂದರೆ 528 ಕಿಲೋಮೀಟರ್ ಆಸುಪಾಸು ಇತ್ತು. ಮೂತಿ ಕುಪ್ಪಳಿಸಿತು, ಮೇಲೆದ್ದಿತು, ಇಡೀ ದೋಣಿ ಗಾಳಿಯಲ್ಲಿ ಹಿಂದಕ್ಕೆ ಮಗುಚಿ ನೀರಿಗೆ ಅಪ್ಪಳಿಸಿತು. ಅವರಿಗೆ 45 ವರ್ಷ.

ಏಕೆ ಹೀಗಾಯಿತು ಎಂಬುದರ ಬಗ್ಗೆ ಇಂದಿಗೂ ಚರ್ಚೆ ನಡೆಯುತ್ತದೆ. ಹಗುರವಾದ ಟ್ಯಾಂಕು, ಅಲೆ, ಎಂಜಿನ್ ನಿಂತದ್ದು ಎಂದೆಲ್ಲ ಹೇಳುವವರಿದ್ದಾರೆ. ನನ್ನ ಮಟ್ಟಿಗೆ ದೊಡ್ಡ ಕಾರಣ ಕಣ್ಣೆದುರಿಗೇ ಇದೆ. 200 ಮೈಲಿ ದಾಟಲು ಕಟ್ಟಿದ ಮೈಯನ್ನು 300ರ ಆಚೆಗೆ ಓಡಿಸಿದ್ದು.

ಮುಳುಗುಗಾರರಿಗೆ ದೋಣಿಯ ಮುಖ್ಯ ಭಾಗ ಬೇಗನೇ ಕಂಡಿತು. ಡೊನಾಲ್ಡ್ ಅವರ ದೇಹ ಸಿಗಲಿಲ್ಲ. ಅವರು ಯಾವಾಗಲೂ ಜೊತೆಗಿಟ್ಟುಕೊಳ್ಳುತ್ತಿದ್ದ ಪುಟ್ಟ ಕರಡಿ ಗೊಂಬೆ ಮಾತ್ರ ನೀರಿನ ಮೇಲೆ ತೇಲುತ್ತಿತ್ತು. ಕೆಲವು ದಿನ ಹುಡುಕಿ ಕೈಬಿಟ್ಟರು. ದೋಣಿಯನ್ನೂ ಎತ್ತಲಿಲ್ಲ. ಲಿಯೋ ವಿಲ್ಲಾ 1979ರಲ್ಲಿ ತೀರಿಕೊಳ್ಳುವವರೆಗೂ ಅದು ಸರೋವರದ ತಳದಲ್ಲೇ ಇತ್ತು.

ಮೂವತ್ತನಾಲ್ಕು ವರ್ಷ ತಳದಲ್ಲಿ

ಸುಮಾರು 45 ಮೀಟರ್ ಆಳ, ಕತ್ತಲು, ಕೆಸರು. ಕಾಲ ಕಳೆದಂತೆ ಅದು ಎಲ್ಲಿದೆ ಎಂಬುದೂ ಜನರಿಗೆ ಮಸುಕಾಯಿತು. ನ್ಯೂಕ್ಯಾಸಲ್ ಕಡೆಯ ಬಿಲ್ ಸ್ಮಿತ್ ಎಂಬ ಮುಳುಗುಗಾರರಿಗೆ ಇದರ ಗುಂಗು ಹಿಡಿದದ್ದು 1995ರಲ್ಲಿ ಮಾರಿಲಿಯನ್ ಎಂಬ ತಂಡ ಡೊನಾಲ್ಡ್ ಬಗ್ಗೆ ಮಾಡಿದ ಹಾಡು ಕೇಳಿ. ಕೆಲವು ವರ್ಷ ಹುಡುಕಿ ಅವರು ದೋಣಿಯನ್ನು ಕಂಡುಹಿಡಿದರು.

ಎತ್ತುವುದೇ, ಬಿಡುವುದೇ? ಆ ಜಾಗವನ್ನು ಸಮಾಧಿಯಂತೆ ಬಿಡಬೇಕು ಎಂದವರು ಕೆಲವರು. ಇಂದಲ್ಲ ನಾಳೆ ಸ್ಮರಣಿಕೆ ಕಳ್ಳರು ಒಂದೊಂದೇ ತುಂಡು ಕಿತ್ತೊಯ್ಯುತ್ತಾರೆ ಎಂದವರು ಕೆಲವರು. 2001ರ ಮಾರ್ಚ್ 8ರಂದು ಕೆ7 ಮೇಲೆ ಬಂತು. ಗಾಳಿಚೀಲಗಳ ನಡುವೆ ನೀಲಿ ಬಣ್ಣ ಇನ್ನೂ ಕಾಣುತ್ತಿತ್ತು, ಬಾಲದ ಮೇಲಿನ ಬ್ರಿಟಿಷ್ ಧ್ವಜದ ಗುರುತೂ ಉಳಿದಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಡೊನಾಲ್ಡ್ ಅವರ ಅವಶೇಷಗಳು ಸಿಕ್ಕವು. ಸೆಪ್ಟೆಂಬರ್ 12ರಂದು ಕೋನಿಸ್ಟನ್ ಹಳ್ಳಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಹಿಂದಿನ ದಿನವಷ್ಟೇ ನ್ಯೂಯಾರ್ಕಿನ ಗೋಪುರಗಳು ಉರುಳಿದ್ದರಿಂದ ಆ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಮೂಲೆಗೆ ಸರಿಯಿತು.

ದಾನಪತ್ರ, ದುಡಿಮೆ, ದಾವೆ

ಮುಳುಗಿದ ಮಾತ್ರಕ್ಕೆ ಹಕ್ಕು ಮುಳುಗುವುದಿಲ್ಲ. ದೋಣಿ ಕ್ಯಾಂಪ್‌ಬೆಲ್ ಕುಟುಂಬದ್ದೇ ಆಗಿತ್ತು. 2006ರ ಡಿಸೆಂಬರಿನಲ್ಲಿ ಮಗಳು ಗಿನಾ ಕ್ಯಾಂಪ್‌ಬೆಲ್ ಮತ್ತು ಕುಟುಂಬದ ಟ್ರಸ್ಟು ಅದನ್ನು ಕೋನಿಸ್ಟನ್ನಿನ ರಸ್ಕಿನ್ ಮ್ಯೂಸಿಯಂಗೆ ದಾನಪತ್ರ ಬರೆದುಕೊಟ್ಟರು. (ಗಿನಾ ಕೂಡ ಕಡಿಮೆಯವರಲ್ಲ, 1984ರಲ್ಲಿ ಮಹಿಳೆಯರ ನೀರಿನ ವೇಗದ ದಾಖಲೆ ಮಾಡಿದವರು.) ಹೀಗೆ ಡೊನಾಲ್ಡ್, ಅವರ ಕುಟುಂಬ, ಮ್ಯೂಸಿಯಂ ಎಂದು ಕಾಗದದ ಮೇಲೆ ಒಡೆತನದ ಸಾಲು ಸ್ಪಷ್ಟವಾಗಿದೆ.

ತೊಡಕು ಬಂದದ್ದು ಕಾಗದದ ಹೊರಗೆ. ದಾನ ಕೊಟ್ಟದ್ದು ನಜ್ಜುಗುಜ್ಜಾದ ಲೋಹ. ದೋಣಿಯ ಮುಂಭಾಗ ಅಪಘಾತದಲ್ಲೇ ಛಿದ್ರವಾಗಿತ್ತು. ಅದನ್ನು ಓಡುವ ದೋಣಿಯಾಗಿ ಮಾಡುವ ಹೊಣೆ ಹೊತ್ತವರು ಬಿಲ್ ಸ್ಮಿತ್ ಮತ್ತು ಅವರ ಸ್ವಯಂಸೇವಕರು. ಪರಂಪರೆ ಉಳಿಸಲು ಲಾಟರಿ ಹಣ ಹಂಚುವ ಅಲ್ಲಿನ ನಿಧಿ ಮರುನಿರ್ಮಾಣಕ್ಕೆ ನೆರವು ಕೊಡಲಿಲ್ಲ. ಹಾಗಾಗಿ ದೇಣಿಗೆ, ಕಂಪೆನಿಗಳು ಕೊಟ್ಟ ಸಾಮಗ್ರಿ, ವಾರಾಂತ್ಯದ ಬಿಟ್ಟಿ ದುಡಿಮೆ, ಇವೇ ಬಂಡವಾಳ. ನಾರ್ತ್ ಶೀಲ್ಡ್ಸ್ ಊರಿನ ಶೆಡ್ಡಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೆಯಿತು. ಹೊಸ ತಗಡು ಹಾಕಿ ಮುಗಿಸಿದ್ದರೆ ಬೇಗ ಆಗುತ್ತಿತ್ತು. ಅವರು ಹಾಗೆ ಮಾಡದೆ ಸುಕ್ಕಾದ ಹಳೆಯ ತಗಡನ್ನೇ ಬಡಿದು ನೇರ ಮಾಡಿ, ಸಾಧ್ಯವಾದಷ್ಟನ್ನು ಮತ್ತೆ ಬಳಸಿದರು. ಕೆಟ್ಟುಹೋದ ಕಡೆ ಹೊಸದು. ನೀರಿನಲ್ಲಿ ಮುಳುಗಿದ್ದ ಎಂಜಿನ್ ಬದಲು ಅದೇ ಜಾತಿಯ ಬೇರೊಂದು ಆರ್ಫಿಯಸ್.

2018ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ಫ್ಯಾಡ್ ಸರೋವರದಲ್ಲಿ ಕೆ7 ಮತ್ತೆ ನೀರಿಗಿಳಿಯಿತು. ಗಂಟೆಗೆ 150 ಮೈಲಿ ಆಸುಪಾಸಿನಲ್ಲಿ ನೀರಿನಿಂದೆದ್ದು ಜಾರಿತು. 51 ವರ್ಷದ ನಂತರ ಜೆಟ್ಟಿನ ಸದ್ದು ಕೇಳಿ ದಡದಲ್ಲಿದ್ದವರು ಕಣ್ಣೀರಿಟ್ಟರಂತೆ. ನಂಬಬಹುದಾದ ಮಾತು.

ಇಲ್ಲಿಂದ ಮುಂದೆ ಜಗಳ. ನಮ್ಮ ಹಳ್ಳಿಯಲ್ಲಿ ನೆಂಟರು ಸೇರಿ ಮನೆ ಕಟ್ಟುವಾಗ ಯಾರೂ ಕಾಗದ ಬರೆಯುವುದಿಲ್ಲ, ಗೃಹಪ್ರವೇಶವಾದ ಮೇಲೆ ಲೆಕ್ಕ ಶುರುವಾಗುತ್ತದೆ. ಹೆಚ್ಚು ಕಡಿಮೆ ಅದೇ. ದೋಣಿ ತನ್ನದು, ಅದನ್ನು ಕೋನಿಸ್ಟನ್ನಿಗೆ ತಂದುಕೊಡಬೇಕು ಎಂದಿತು ಮ್ಯೂಸಿಯಂ. 2010ರ ಹೊತ್ತಿಗೇ ದೋಣಿಗೆಂದು ಪ್ರತ್ಯೇಕ ಕಟ್ಟಡ ಕಟ್ಟಿಸಿ ಕಾಯುತ್ತಿದ್ದವರು ಅವರು. ತಾವು ಹೊಸದಾಗಿ ಮಾಡಿದ ಭಾಗಗಳು ತಮ್ಮವು, ಹಾಗಾಗಿ ಈಗಿನ ದೋಣಿಯಲ್ಲಿ ತಮಗೂ ಪಾಲಿದೆ ಎಂಬುದು ಸ್ಮಿತ್ ಕಡೆಯ ವಾದ. ದೋಣಿಯನ್ನು ಎಷ್ಟು ದಿನ ಓಡಿಸಬೇಕು, ಎಷ್ಟು ದಿನ ಗಾಜಿನ ಹಿಂದೆ ಇಡಬೇಕು ಎಂಬ ಬಗ್ಗೆಯೂ ಇಬ್ಬರಿಗೂ ಹೊಂದಲಿಲ್ಲ. ಐದು ವರ್ಷ ಕೆ7 ಶೆಡ್ಡಿನಲ್ಲೇ ಕುಳಿತಿತ್ತು, ಮ್ಯೂಸಿಯಂನ ಕಟ್ಟಡ ಖಾಲಿ ಇತ್ತು. ಪ್ರಕರಣ ವಕೀಲರ ಕೈಗೆ ಹೋಯಿತು.

ಕಡೆಗೆ 2024ರ ಆರಂಭದಲ್ಲಿ ಸ್ಮಿತ್ ತಂಡ ತನ್ನ ಹಕ್ಕುಸಾಧನೆಯನ್ನು ಬಿಟ್ಟುಕೊಟ್ಟಿತು. ಮಾರ್ಚ್ 9ರಂದು ಲಾರಿಯ ಮೇಲೆ ಕೆ7 ಕೋನಿಸ್ಟನ್ನಿಗೆ ಬಂತು. ಕಿರಿದಾದ ರಸ್ತೆಯ ಎರಡೂ ಬದಿ ಜನ ನಿಂತಿದ್ದರು, ಗಿನಾ ಕೂಡ ಬಂದಿದ್ದರು. ದೋಣಿಯನ್ನು ಮ್ಯೂಸಿಯಂ ಒಳಗಿಟ್ಟರು.

ತೇರಿನ ಲೆಕ್ಕ

ಕಾನೂನಿನ ಪ್ರಕಾರ ಮ್ಯೂಸಿಯಂ ಹೇಳಿದ್ದೇ ಸರಿಯೆಂದು ನನಗೂ ತೋರುತ್ತದೆ. ದಾನಪತ್ರ ಸಿಕ್ಕಿದ್ದು ಅವರಿಗೆ. ಹೊಸ ಹಲಗೆ ಸೇರಿಸಿದ್ದರಿಂದ ಹಳೆಯ ವಸ್ತು ಬೇರೆ ವಸ್ತುವಾಗುವುದಿಲ್ಲ ಎಂಬುದು ನಮಗೆ ಯಾವ ನ್ಯಾಯಾಲಯವೂ ಹೇಳಿಕೊಡಬೇಕಾಗಿಲ್ಲ. ಗಡಿಯ ಆಚೆ ಚಾಮರಾಜನಗರದ ಚಾಮರಾಜೇಶ್ವರನ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿತು. ಕೆಲವು ವರ್ಷ ಆಷಾಢದ ರಥೋತ್ಸವವೇ ನಿಂತಿತ್ತು. 2022ರಲ್ಲಿ ಹೊಸ ತೇರು ಎಳೆದಾಗ ನೂತನ ದಂಪತಿಗಳು ಹಣ್ಣು ಜವನ ಎಸೆಯಲು ಎಂದಿನಂತೆಯೇ ಬಂದರು. ಇದು ಬೇರೆ ತೇರು ಎಂದು ಯಾರೂ ವಾಪಸ್ ಹೋಗಲಿಲ್ಲ. ಮರ ಹೊಸದು, ತೇರು ಅದೇ.

ಆದರೆ ಆ ತೇರು ಕಟ್ಟಿದ ಶಿಲ್ಪಿಗಳಿಗೆ ಮೊದಲೇ ಕೆಲಸ ಒಪ್ಪಿಸಿ ಕೂಲಿ ಗೊತ್ತು ಮಾಡಿರುತ್ತಾರೆ. ಕೆ7 ವಿಷಯದಲ್ಲಿ ಆಗದೆ ಹೋದದ್ದು ಇದು. ಕೂಲಿ ಇಲ್ಲದ ದುಡಿಮೆಗೆ ಪ್ರತಿಫಲ ಏನು ಎಂದು ಕೆಲಸಕ್ಕೆ ಮುಂಚೆ ಎರಡೂ ಕಡೆ ಒಂದೇ ಅರ್ಥ ಬರುವಂತೆ ಬರೆದುಕೊಂಡಿರಲಿಲ್ಲ. ದೋಣಿಯನ್ನು ಕೆಸರಿನಿಂದ ಹುಡುಕಿ ತೆಗೆದವರು, ತಗಡು ತಗಡನ್ನೇ ಬಡಿದು ಮತ್ತೆ ಓಡಿಸಿದವರು ಕೊನೆಗೆ ಅದರ ಬಾಗಿಲ ಹೊರಗೆ ನಿಂತರು. ಲಿಯೋ ವಿಲ್ಲಾ ಬದುಕಿದ್ದರೆ ಯಾರ ಪಕ್ಷ ಹಿಡಿಯುತ್ತಿದ್ದರೋ ಎಂಬ ಕುತೂಹಲ ನನಗಿದೆ. ಸಹಕಾರ ಸಂಘದ ಟ್ರ್ಯಾಕ್ಟರಿಗೆ, ದೇವಸ್ಥಾನದ ಜನರೇಟರಿಗೆ, ಊರ ಭಜನಾ ಮಂಡಳಿಯ ಹಾರ್ಮೋನಿಯಂಗೆ ಸ್ವಂತ ದುಡ್ಡು ಹಾಕಿ ರಿಪೇರಿ ಮಾಡುವ ನಮ್ಮ ಯುವಕರು ಇದನ್ನು ಓದಿದರೆ ಒಳ್ಳೆಯದು.

ದಾಖಲೆಯ ವಿಷಯ ಒಂದು ಉಳಿಯಿತು. ಕೆ7ರ ಆಚೆಗೆ ಹೋದ ಪ್ರಮುಖರು ಆಸ್ಟ್ರೇಲಿಯಾದ ಕೆನ್ ವಾರ್ಬಿ. ಮನೆಯ ಹಿತ್ತಿಲಲ್ಲಿ ತಾವೇ ಮರದಿಂದ ಕಟ್ಟಿದ, ಹಳೆಯ ಮಿಲಿಟರಿ ಜೆಟ್ ಎಂಜಿನ್ ಕೂರಿಸಿದ 'ಸ್ಪಿರಿಟ್ ಆಫ್ ಆಸ್ಟ್ರೇಲಿಯಾ' ದೋಣಿಯಲ್ಲಿ 1978ರ ಅಕ್ಟೋಬರ್ 8ರಂದು ಬ್ಲೋವೆರಿಂಗ್ ಜಲಾಶಯದಲ್ಲಿ 317.6 ಮೈಲಿ, ಅಂದರೆ 511 ಕಿಲೋಮೀಟರ್ ವೇಗದಲ್ಲಿ ಓಡಿದರು. ಕಟ್ಟಿದವರೂ ಅವರೇ, ಒಡೆಯರೂ ಅವರೇ, ಓಡಿಸಿದವರೂ ಅವರೇ. ಅವರ ನಂತರ ಈ ದಾಖಲೆಗೆ ಕೈಹಾಕಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರ್ಬಿ ಮಾತ್ರ 2023ರ ವರೆಗೆ ಬದುಕಿ ವಯಸ್ಸಾಗಿ ತೀರಿಕೊಂಡರು.

ಕೋನಿಸ್ಟನ್ ನಮಗೆ ದೂರ. ಹಳೆಯ ವಾಹನ ನೋಡುವ ಆಸೆ ಇರುವವರು ಪೀಳಮೇಡು ಆಸ್ಪತ್ರೆಗೋ ವಿಮಾನ ನಿಲ್ದಾಣಕ್ಕೋ ಬಂದಾಗ ಅವಿನಾಶಿ ರಸ್ತೆಯ ಜಿ.ಡಿ. ಕಾರ್ ಮ್ಯೂಸಿಯಂ ನೋಡಬಹುದು. 2015ರಲ್ಲಿ ಶುರುವಾದದ್ದು, ಜಿ.ಡಿ. ನಾಯ್ಡು ಕುಟುಂಬದವರ ಸಂಗ್ರಹ. ಆರ್ಫಿಯಸ್ ಎಂಜಿನ್ನಿನ ಬಲದಿಂದ ಹಾರಿದ ಮಾರುತ್ ವಿಮಾನ ನೋಡಬೇಕೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ವಿಮಾನ ಅಂಗಳದಲ್ಲೇ ನಿಂತಿದೆ.